ಕಾಲದ ಗೆರೆ

ನವಲಗುಂದದಿಂದ ಅಣ್ಣಿಗೇರಿಗೆ ಹೋಗುವ ದಾರಿ ಅಂಗೈಯಂತೆ ಸಮತಟ್ಟಾದುದು. ಎರಡೂ ಬದಿಗೆ ಕಣ್ಣು ಹಾಯುವವರೆಗೆ ಎರೆಯ ಹೊಲ. ಹಿಂಗಾರಿನಲ್ಲಿ ಕಡಲೆ, ಬಿಳಿಜೋಳ, ಗೋಧಿ. ಬೇಸಗೆಯಲ್ಲಿ ಬಾಯಿಬಿಟ್ಟ ಕರಿನೆಲ. ನವಲಗುಂದದ ಗುಡ್ಡವನ್ನು ಬೆನ್ನಿಗೆ ಹಾಕಿ ಹೊರಟ ಮೇಲೆ ಏರು ಎನ್ನಬಹುದಾದ ಏರೊಂದು ಎದುರಾಗುವುದಿಲ್ಲ. ಈ ಸೀಮೆಯ ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿ ನಾನು ಕನ್ನಡ ಕಲಿಸುತ್ತಿದ್ದೆ. ವಿಜ್ಞಾನದ ಶಿಕ್ಷಕರು ರಜೆಯಲ್ಲಿದ್ದ ಒಂದು ದಿನ ಅವರ ತರಗತಿ ನನ್ನ ಪಾಲಿಗೆ ಬಂದಿತು. ಕರಿಹಲಗೆಯ ಮೇಲೆ ಹಿಂದಿನ ದಿನ ಬರೆದ ನಕ್ಷೆಯೊಂದು ಅಳಿಸದೆ ಉಳಿದಿತ್ತು. ಬಸ್ಸೊಂದು ನವಲಗುಂದದಿಂದ ಅಣ್ಣಿಗೇರಿಗೆ ಹೋದ ಪ್ರಯಾಣದ ನಕ್ಷೆ ಅದು. ಗೆರೆಯು ಮೊದಲು ಓರೆಯಾಗಿ ಮೇಲಕ್ಕೆ ಹೋಗಿ, ನಡುವೆ ಸ್ವಲ್ಪ ಮಟ್ಟಸವಾಗಿ ಸಾಗಿ, ಬಳಿಕ ಮೊದಲಿಗಿಂತ ಕಡಿದಾಗಿ ಏರಿತ್ತು.

ಇದು ಏನನ್ನು ಹೇಳುತ್ತದೆಂದು ಕೇಳಿದಾಗ ಒಬ್ಬ ಹುಡುಗನು ಎದ್ದು, ಬಸ್ಸು ಒಂದು ಗುಡ್ಡ ಹತ್ತಿ, ಗುಡ್ಡದ ನೆತ್ತಿಯ ಮೇಲೆ ಸ್ವಲ್ಪ ಹೊತ್ತು ಓಡಿ, ಆಮೇಲೆ ಇನ್ನೂ ದೊಡ್ಡ ಗುಡ್ಡ ಹತ್ತಿತು ಎಂದು ವಿವರಿಸಿದನು. ಹಿಂದಿನ ಬೆಂಚಿನಿಂದ ನಗೆ ಎದ್ದಿತು. ಅಣ್ಣಿಗೇರಿಯ ದಾರಿಯಲ್ಲಿ ಗುಡ್ಡವೆಲ್ಲಿದೆ ಎಂದು ಅವರ ಪ್ರಶ್ನೆ. ಸತ್ಯ ಹೇಳಬೇಕೆಂದರೆ, ಆ ಕ್ಷಣದವರೆಗೆ ನನ್ನ ಕಣ್ಣಿಗೂ ಅಲ್ಲಿ ಗುಡ್ಡವೇ ಕಂಡಿತ್ತು. ಮುಂದಿನ ಸಾಲಿನ ಹುಡುಗಿಯೊಬ್ಬಳು ಮೆಲ್ಲಗೆ ಬಂದು ಅಡ್ಡಗೆರೆಯ ಕೆಳಗಿದ್ದ ಪದವನ್ನು ಬೆರಳಿನಿಂದ ತೋರಿಸಿದಳು. ಅಲ್ಲಿ ಕಾಲ ಎಂದು ಬರೆದಿತ್ತು. ಲಂಬಗೆರೆಯ ಬದಿಗೆ ಹೊರಟ ಸ್ಥಳದಿಂದ ಇರುವ ದೂರ ಎಂದಿತ್ತು. ನಡುವಿನ ಮಟ್ಟಸವಾದ ಗೆರೆ ಗುಡ್ಡದ ನೆತ್ತಿಯಲ್ಲ. ಕಾಲ ಸರಿಯುತ್ತಿದ್ದರೂ ದೂರ ಹೆಚ್ಚಲಿಲ್ಲ, ಎಂದರೆ ಬಸ್ಸು ಯಾವುದೋ ಊರಿನ ನಿಲ್ದಾಣದಲ್ಲಿ ನಿಂತಿತ್ತು. ಕೊನೆಯ ಕಡಿದಾದ ಗೆರೆ ಏರನ್ನಲ್ಲ, ಹೆಚ್ಚಿದ ವೇಗವನ್ನು ತೋರಿಸುತ್ತಿತ್ತು. ಕಲಘಟಗಿಯ ಕಡೆಯ ಏರಿಳಿತದ ದಾರಿಯಲ್ಲಿ ಬಸ್ಸು ಒಂದೇ ವೇಗದಲ್ಲಿ ಓಡಿದರೆ ಅದರ ನಕ್ಷೆ ಸರಳರೇಖೆಯೇ ಆಗುತ್ತದೆ. ನಕ್ಷೆಯು ದಾರಿಯ ಚಿತ್ರವಲ್ಲ.

ಆ ಹುಡುಗನನ್ನು ನೋಡಿ ನಗಲು ಯಾರಿಗೂ ಅಧಿಕಾರವಿಲ್ಲವೆಂಬುದು ನನಗೆ ತಿಳಿದದ್ದು ಮುಂದೆ ಗೆಲಿಲಿಯೋನ ಚರಿತ್ರೆಯನ್ನು ಓದಿದಾಗ. ಕಾಲವನ್ನು ಇಡಬೇಕಾದ ಕಡೆ ದೂರವನ್ನು ಇಡುವ ತಪ್ಪನ್ನು ಅವನೂ ಮಾಡಿದ್ದನು. ಅದನ್ನು ತಿದ್ದಿಕೊಳ್ಳಲು ಅವನಿಗೆ ವರ್ಷಗಳೇ ಹಿಡಿದವು.

ಗೆಲಿಲಿಯೋ ಗೆಲಿಲಿ 1564ರ ಫೆಬ್ರುವರಿ 15ರಂದು ಇಟಲಿಯ ಪೀಸಾ ನಗರದಲ್ಲಿ ಜನಿಸಿದನು. ತಂದೆ ವಿನ್ಸೆಂಜೊ ಲ್ಯೂಟ್ ಎಂಬ ತಂತಿವಾದ್ಯದ ನುಡಿಸುಗಾರ, ಸಂಗೀತಶಾಸ್ತ್ರವನ್ನು ಕುರಿತು ಗ್ರಂಥ ಬರೆದವನು. ಹಿಂದಿನವರು ಹೇಳಿದ್ದಾರೆಂಬ ಒಂದೇ ಕಾರಣಕ್ಕೆ ಯಾವುದನ್ನೂ ಒಪ್ಪದೆ, ತಂತಿಗಳಿಗೆ ಭಾರ ಕಟ್ಟಿ ಸ್ವರವು ಹೇಗೆ ಬದಲಾಗುತ್ತದೆಂದು ತಾನೇ ಪರೀಕ್ಷಿಸಿ ನೋಡುತ್ತಿದ್ದ ಮನುಷ್ಯ. ಸಂಗೀತದಿಂದ ಮನೆ ನಡೆಯುವುದು ಕಷ್ಟವೆಂಬುದನ್ನು ಬಲ್ಲ ಆತನು ಮಗನನ್ನು 1581ರಲ್ಲಿ ಪೀಸಾ ವಿಶ್ವವಿದ್ಯಾಲಯಕ್ಕೆ ವೈದ್ಯವಿದ್ಯೆ ಕಲಿಯಲು ಸೇರಿಸಿದನು. ಮಗನ ಮನಸ್ಸು ಗಣಿತಕ್ಕೆ ಸೋತಿತು. ನಾಲ್ಕು ವರ್ಷಗಳ ಬಳಿಕ ಗೆಲಿಲಿಯೋ ಯಾವ ಪದವಿಯನ್ನೂ ಪಡೆಯದೆ ವಿಶ್ವವಿದ್ಯಾಲಯವನ್ನು ಬಿಟ್ಟನು. 1589ರಲ್ಲಿ ಅದೇ ವಿಶ್ವವಿದ್ಯಾಲಯಕ್ಕೆ ಗಣಿತದ ಪ್ರಾಧ್ಯಾಪಕನಾಗಿ ಹಿಂದಿರುಗಿದನು. ಎರಡು ವರ್ಷಗಳಲ್ಲಿ ತಂದೆ ತೀರಿಕೊಂಡನು. ಹಿರಿಯ ಮಗನಾದ್ದರಿಂದ ಸಂಸಾರದ ಭಾರವೆಲ್ಲ, ತಂಗಿಯರ ವರದಕ್ಷಿಣೆಯೂ ಸೇರಿ, ಅವನ ಹೆಗಲಿಗೆ ಬಿದ್ದಿತು. 1592ರಲ್ಲಿ ಅವನು ಹೆಚ್ಚಿನ ಸಂಬಳದ ಮೇಲೆ ಪಾದುವಾ ವಿಶ್ವವಿದ್ಯಾಲಯಕ್ಕೆ ಹೋದನು. ಅಲ್ಲಿ ಕಳೆದ ಹದಿನೆಂಟು ವರ್ಷಗಳೇ ಚಲನೆಯ ಶಾಸ್ತ್ರದ ಬೀಜ ಮೊಳೆತ ಕಾಲ.

ಚರ್ಚಿನ ತೂಗುದೀಪವನ್ನು ನೋಡಿ ಲೋಲಕದ ನಿಯಮವನ್ನು ಕಂಡನೆಂದೂ, ಪೀಸಾದ ವಾಲುಗೋಪುರದಿಂದ ಗುಂಡುಗಳನ್ನು ಬಿಟ್ಟನೆಂದೂ ಕಥೆಗಳಿವೆ. ಅವು ಶಿಷ್ಯನಾದ ವಿವಿಯಾನಿಯು ಬರೆದ ಚರಿತ್ರೆಯಿಂದ ಬಂದವು. ಅವು ನಡೆದವೇ ಎಂಬುದರಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ. ನಮಗೆ ಬೇಕಾದದ್ದು ಗೋಪುರದ ಕಥೆಯಲ್ಲ, ಒಂದು ಹಲಗೆಯ ಕಥೆ. ಅದಕ್ಕೆ ಗೆಲಿಲಿಯೋನ ಕೈಬರಹದ ಆಧಾರವೇ ಇದೆ.

ಬೀಳುವ ವಸ್ತುವಿನ ವೇಗ ಹೆಚ್ಚುತ್ತ ಹೋಗುತ್ತದೆಂಬುದು ಎಲ್ಲರೂ ಬಲ್ಲ ಸಂಗತಿ. ಬೇವಿನ ಮರದ ಮೊದಲ ಕೊಂಬೆಯಿಂದ ಜಿಗಿದವನಿಗೂ ಮೂರನೆಯ ಕೊಂಬೆಯಿಂದ ಜಿಗಿದವನಿಗೂ ಆಗುವ ಪೆಟ್ಟಿನ ವ್ಯತ್ಯಾಸವನ್ನು ಯಾರೂ ಕಲಿಸಬೇಕಾಗಿಲ್ಲ. ಆದರೆ ಆ ಹೆಚ್ಚಳಕ್ಕೆ ಒಂದು ಲೆಕ್ಕವಿದೆಯೆ? ನೇರವಾಗಿ ಬೀಳುವ ಗುಂಡು ಒಂದು ಕ್ಷಣದಲ್ಲಿ ನೆಲ ಸೇರುತ್ತದೆ. ಆ ಕಾಲದಲ್ಲಿ ಕ್ಷಣದ ಭಾಗಗಳನ್ನು ಅಳೆಯುವ ಗಡಿಯಾರವಿರಲಿಲ್ಲ. ಆದ್ದರಿಂದ ಗೆಲಿಲಿಯೋ ಬೀಳುವಿಕೆಯನ್ನೇ ನಿಧಾನಗೊಳಿಸುವ ಉಪಾಯ ಹೂಡಿದನು. ಸುಮಾರು ಹನ್ನೆರಡು ಮೊಳ ಉದ್ದದ ಹಲಗೆಯಲ್ಲಿ ನೇರವಾದ ತೋಡನ್ನು ಕೊರೆಸಿ, ಅದಕ್ಕೆ ನುಣುಪಾದ ಚರ್ಮಪತ್ರವನ್ನು ಅಂಟಿಸಿ, ಹಲಗೆಯ ಒಂದು ತುದಿಯನ್ನು ಸ್ವಲ್ಪ ಎತ್ತರಿಸಿ, ನಯವಾದ ಕಂಚಿನ ಗುಂಡೊಂದನ್ನು ಮೇಲಿನಿಂದ ಉರುಳಲು ಬಿಟ್ಟನು. ಕಾಲವನ್ನು ಅಳೆಯಲು ಒಂದು ದೊಡ್ಡ ಪಾತ್ರೆಯ ತಳಕ್ಕೆ ಸಣ್ಣ ಕೊಳವೆಯನ್ನು ಜೋಡಿಸಿ, ಗುಂಡು ಉರುಳುವಷ್ಟು ಹೊತ್ತು ಸೋರಿದ ನೀರನ್ನು ಹಿಡಿದು ತಕ್ಕಡಿಯಲ್ಲಿ ತೂಗಿದನು. ನೀರಿನ ತೂಕವೇ ಕಾಲದ ಅಳತೆ.

ಅವನ ಕಾಲದ ಟಿಪ್ಪಣಿಯ ಹಾಳೆಗಳು ಫ್ಲಾರೆನ್ಸಿನ ರಾಷ್ಟ್ರೀಯ ಗ್ರಂಥಾಲಯದಲ್ಲಿ ಉಳಿದಿವೆ. ಅವುಗಳಲ್ಲೊಂದರ ಮೇಲೆ ಒಂದು ಸಾಲಿನಲ್ಲಿ 33, 130, 298, 526, 824, 1192, 1620, 2104 ಎಂಬ ಅಂಕಿಗಳೂ, ಬದಿಯಲ್ಲಿ 1, 4, 9, 16, 25, 36, 49, 64 ಎಂಬ ಅಂಕಿಗಳೂ ಇವೆ. 33ನ್ನು 4ರಿಂದ ಗುಣಿಸಿದರೆ 132. ಅವನು ಅಳೆದದ್ದು 130. ಒಂಬತ್ತರಿಂದ ಗುಣಿಸಿದರೆ 297, ಅಳೆದದ್ದು 298. ಉಳಿದವನ್ನು ನೀವೇ ಗುಣಿಸಿ ನೋಡಿರಿ. ಸಮನಾದ ಎಂಟು ಕಾಲಭಾಗಗಳ ಕೊನೆಗೆ ಗುಂಡು ಹಲಗೆಯ ಮೇಲೆ ಎಲ್ಲಿತ್ತೆಂಬುದರ ಅಳತೆಗಳು ಇವೆಂದು 1970ರ ದಶಕದಲ್ಲಿ ಈ ಹಾಳೆಗಳನ್ನು ಶೋಧಿಸಿದ ವಿದ್ವಾಂಸ ಸ್ಟಿಲ್‌ಮನ್ ಡ್ರೇಕ್ ಅಭಿಪ್ರಾಯಪಟ್ಟನು. ನೀರಿನ ತೂಕಕ್ಕಿಂತ ಮೊದಲು ಗೆಲಿಲಿಯೋ ಇನ್ನೊಂದು ವಿಧಾನವನ್ನು ಬಳಸಿರಬಹುದೆಂದೂ ಆತನು ಊಹಿಸಿದನು: ವಾದ್ಯಕ್ಕೆ ಕಟ್ಟುವ ತಂತಿಗಳನ್ನು ಹಲಗೆಗೆ ಅಡ್ಡವಾಗಿ ಅಲ್ಲಲ್ಲಿ ಬಿಗಿದರೆ, ಗುಂಡು ಪ್ರತಿಯೊಂದನ್ನೂ ದಾಟುವಾಗ ಸಣ್ಣ ಸದ್ದಾಗುತ್ತದೆ; ಆ ಸದ್ದುಗಳು ತಾಳಕ್ಕೆ ಸರಿಯಾಗಿ ಕೇಳುವವರೆಗೆ ತಂತಿಗಳನ್ನು ಸರಿಸುತ್ತ ಹೋದರೆ ಸಮಕಾಲದ ಗುರುತುಗಳು ದೊರೆಯುತ್ತವೆ. ಇದು ಊಹೆಯೇ ಆದರೂ ವಾದ್ಯಗಾರನ ಮಗನಿಗೆ ಒಪ್ಪುವಂಥದು. ಸವಾಯಿ ಗಂಧರ್ವರ ಕುಂದಗೋಳದಲ್ಲಿ ಅಹೋರಾತ್ರಿ ಸಂಗೀತ ಕೇಳಿದವರಿಗೆ, ತಬಲದ ಒಂದು ಮಾತ್ರೆ ಕೂದಲೆಳೆಯಷ್ಟು ತಪ್ಪಿದರೂ ಪಾಮರನ ಕಿವಿಗೂ ಅದು ತಿಳಿಯುತ್ತದೆಂಬುದು ಗೊತ್ತು.

ಹೀಗೆ ಅಂಕಿಗಳು ಕೈಗೆ ಬಂದವು. ಕಾಲವು ಇಮ್ಮಡಿಯಾದರೆ ದೂರ ನಾಲ್ಮಡಿ, ಮುಮ್ಮಡಿಯಾದರೆ ಒಂಬತ್ತು ಮಡಿ. ಆದರೆ ಅಂಕಿ ದೊರೆತ ಮಾತ್ರಕ್ಕೆ ಅದರ ಕಾರಣ ದೊರೆತಂತಾಗುವುದಿಲ್ಲ. ವೇಗವು ಯಾವುದರ ಜೊತೆಗೆ ಹೆಚ್ಚಿದರೆ ಇಂಥ ಅಂಕಿಗಳು ಬರುತ್ತವೆ? 1604ರ ಅಕ್ಟೋಬರದಲ್ಲಿ ಗೆಲಿಲಿಯೋ ತನ್ನ ಮಿತ್ರನಾದ ವೆನಿಸಿನ ಪಾವೊಲೊ ಸಾರ್ಪಿಗೆ ಒಂದು ಪತ್ರ ಬರೆದನು. ಅದರಲ್ಲಿ ವರ್ಗಗಳ ನಿಯಮ ಸರಿಯಾಗಿಯೇ ಇದೆ. ಆದರೆ ಅದಕ್ಕೆ ಅವನು ಕೊಟ್ಟ ಆಧಾರ ತಪ್ಪು. ವಸ್ತುವು ಎಷ್ಟು ದೂರ ಬಿದ್ದಿದೆಯೋ ಅದಕ್ಕೆ ತಕ್ಕಷ್ಟು ವೇಗ ಅದಕ್ಕಿರುತ್ತದೆಂದು, ಎಂದರೆ ದೂರ ಇಮ್ಮಡಿಯಾದರೆ ವೇಗವೂ ಇಮ್ಮಡಿಯೆಂದು ಅವನು ಭಾವಿಸಿದ್ದನು.

ಈ ತಪ್ಪು ಎಷ್ಟು ಸಹಜವೆಂಬುದನ್ನು ಗಮನಿಸಿರಿ. ಬೇವಿನ ಮರದಿಂದ ಜಿಗಿಯುವವನು ಎತ್ತರವನ್ನು ಕಣ್ಣಿನಿಂದ ನೋಡುತ್ತಾನೆ. ಬೀಳಲು ಹಿಡಿದ ಕಾಲವನ್ನು ನೋಡಲಾರನು. ದೂರ ಕಣ್ಣಿಗೆ ಕಾಣುವ ವಸ್ತು, ಕಾಲಕ್ಕೆ ರೂಪವಿಲ್ಲ. ಕಾಣುವುದನ್ನು ಹಿಡಿದುಕೊಂಡು ಕಾಣದ್ದನ್ನು ಬಿಟ್ಟುಬಿಡುವುದು ಮನಸ್ಸಿನ ಹಳೆಯ ಚಾಳಿ. ನಮ್ಮ ತರಗತಿಯ ಹುಡುಗನಿಗೆ ಕಾಲದ ಗೆರೆಯು ನೆಲವಾಗಿ ಕಂಡಂತೆ, ಗೆಲಿಲಿಯೋನಿಗೂ ಬೀಳುವ ದಾರಿಯೇ ವೇಗದ ಅಳತೆಗೋಲಾಗಿ ಕಂಡಿತು. ಆದರೆ ಒಂದು ಸರಳ ಪ್ರಶ್ನೆ ಕೇಳಿಕೊಳ್ಳೋಣ. ವೇಗವು ಕ್ರಮಿಸಿದ ದೂರವನ್ನು ಅವಲಂಬಿಸಿದ್ದರೆ, ಇನ್ನೂ ಹೊರಡದ ವಸ್ತುವಿನ ದೂರ ಸೊನ್ನೆ. ಆದ್ದರಿಂದ ಅದರ ವೇಗವೂ ಸೊನ್ನೆ. ವೇಗವೇ ಇಲ್ಲದೆ ಅದು ದೂರವನ್ನು ಗಳಿಸುವುದೆಂತು? ಅದು ಎಂದೆಂದಿಗೂ ಕೊಂಬೆಯ ತುದಿಯಲ್ಲಿಯೇ ನಿಲ್ಲಬೇಕಾಗುತ್ತದೆ. ಕಾಲ ಹಾಗಲ್ಲ. ನಾವು ಹೊರಡಲಿ, ಬಿಡಲಿ, ಅದು ಸರಿಯುತ್ತಲೇ ಇರುತ್ತದೆ. ಪಾದುವಾದ ಕೊನೆಯ ವರ್ಷಗಳ ಹೊತ್ತಿಗೆ ಗೆಲಿಲಿಯೋ ದೂರವನ್ನು ತೆಗೆದು ಅದರ ಸ್ಥಾನದಲ್ಲಿ ಕಾಲವನ್ನು ಇರಿಸಿದ್ದನು: ಸಮನಾದ ಕಾಲಗಳಲ್ಲಿ ವೇಗಕ್ಕೆ ಸಮನಾದ ಹೆಚ್ಚಳ.

ಅಷ್ಟರಲ್ಲಿ ಅವನ ಬದುಕು ಬೇರೆ ಕಡೆಗೆ ಹೊರಳಿತು. ಹಾಲೆಂಡಿನಲ್ಲಿ ದೂರದ ವಸ್ತುಗಳನ್ನು ಹತ್ತಿರ ತೋರಿಸುವ ಕೊಳವೆಯೊಂದು ಬಂದಿದೆಯೆಂಬ ಸುದ್ದಿ ಕೇಳಿ 1609ರಲ್ಲಿ ಅವನು ತಾನೇ ದೂರದರ್ಶಕವನ್ನು ತಯಾರಿಸಿದನು. 1610ರ ಜನವರಿಯಲ್ಲಿ ಗುರುಗ್ರಹದ ಸುತ್ತ ತಿರುಗುವ ನಾಲ್ಕು ಚಂದ್ರರನ್ನು ಕಂಡನು. ಯುರೋಪಿನಲ್ಲೆಲ್ಲ ಅವನ ಹೆಸರಾಯಿತು. ಫ್ಲಾರೆನ್ಸಿನ ಅರಸನ ಆಶ್ರಯ ದೊರೆಯಿತು. ಭೂಮಿಯು ಸೂರ್ಯನನ್ನು ಸುತ್ತುತ್ತದೆಂಬ ಕೊಪರ್ನಿಕಸನ ಮತವನ್ನು ಅವನು ಬಹಿರಂಗವಾಗಿ ಎತ್ತಿಹಿಡಿದನು. 1616ರಲ್ಲಿ ರೋಮಿನ ಧರ್ಮಾಧಿಕಾರಿಗಳು ಅದನ್ನು ಪ್ರತಿಪಾದಿಸಬಾರದೆಂದು ಎಚ್ಚರಿಸಿದರು. 1632ರಲ್ಲಿ ಅವನು ಎರಡು ವಿಶ್ವವ್ಯವಸ್ಥೆಗಳನ್ನು ಕುರಿತ ಸಂವಾದಗ್ರಂಥವನ್ನು ಪ್ರಕಟಿಸಿದಾಗ ಅವರ ಸಿಟ್ಟು ಸಿಡಿಯಿತು. ಈ ಭಾಗದ ಕಥೆಯನ್ನು ನೀವು ಬೇರೆಡೆ ಓದಿರುತ್ತೀರಿ, ಇಲ್ಲಿ ವಿಸ್ತರಿಸುವುದಿಲ್ಲ. 1633ರ ಜೂನ್ 22ರಂದು, ಅರುವತ್ತೊಂಬತ್ತು ವರ್ಷದ ಮುದುಕನು ರೋಮಿನಲ್ಲಿ ಧರ್ಮನ್ಯಾಯಾಲಯದ ಮುಂದೆ ಮಂಡಿಯೂರಿ, ಭೂಮಿ ಚಲಿಸುತ್ತದೆಂಬ ಮಾತು ತಪ್ಪೆಂದು ಓದಿ ಹೇಳಬೇಕಾಯಿತು. ಮೇಲೇಳುವಾಗ ಅದಕ್ಕೆ ವಿರುದ್ಧವಾದ ಮಾತನ್ನು ಗೊಣಗಿದನೆಂಬ ಕಥೆ ಜನಪ್ರಿಯವಾಗಿದ್ದರೂ ವಿಚಾರಣೆಯ ದಾಖಲೆಗಳಲ್ಲಿ ಅದಿಲ್ಲ. ತಾನು ಸತ್ಯವೆಂದು ಬಲ್ಲುದನ್ನು ಅವನು ತಪ್ಪೆಂದು ಒಪ್ಪಿಕೊಂಡನು. ಹಾಗೆ ಒಪ್ಪದಿದ್ದರೆ ಪ್ರಾಣಕ್ಕೆ ಅಪಾಯವಿತ್ತು.

ಗ್ರಂಥಕ್ಕೆ ನಿಷೇಧ ಬಿದ್ದಿತು. ಗ್ರಂಥಕಾರನಿಗೆ ಜೀವನಪರ್ಯಂತ ಬಂಧನ. ಸೆರೆಮನೆಯ ಬದಲಾಗಿ ಮನೆಯಲ್ಲಿಯೇ ಇರಲು ಅನುಮತಿ. ಮೂರು ವರ್ಷಗಳವರೆಗೆ ವಾರಕ್ಕೊಮ್ಮೆ ಪ್ರಾಯಶ್ಚಿತ್ತದ ಕೀರ್ತನೆಗಳನ್ನು ಪಠಿಸಬೇಕೆಂಬ ಶಿಕ್ಷೆಯೂ ಇತ್ತು. ಅದನ್ನು ತಂದೆಯ ಪರವಾಗಿ ತಾನು ವಹಿಸಿಕೊಂಡವಳು ಹಿರಿಯ ಮಗಳು. ಸನ್ಯಾಸಿನಿಯಾಗಿ ಮಾರಿಯಾ ಚೆಲೆಸ್ತೆ ಎಂಬ ಹೆಸರನ್ನು ಪಡೆದಿದ್ದ ಆಕೆ ಫ್ಲಾರೆನ್ಸಿನ ಹೊರವಲಯದ ಆರ್ಚೆತ್ರಿ ಎಂಬಲ್ಲಿಯ ಕನ್ಯಾಮಠದಲ್ಲಿದ್ದಳು. ತಂದೆಯೂ ಆ ಮಠದ ಸಮೀಪದಲ್ಲಿಯೇ ಮನೆ ಮಾಡಿದ್ದನು. 1633ರ ಡಿಸೆಂಬರಿನಲ್ಲಿ ಅವನು ಆ ಮನೆಗೆ ಹಿಂದಿರುಗಿದ ನಾಲ್ಕು ತಿಂಗಳಲ್ಲಿ, ತನ್ನ ಮೂವತ್ತಮೂರನೆಯ ವಯಸ್ಸಿನಲ್ಲಿ, ಮಗಳು ತೀರಿಕೊಂಡಳು.

ಆ ಶೋಕದ ನಡುವೆ ಮುದುಕನು ಪಾದುವಾದ ಹಳೆಯ ಹಾಳೆಗಳನ್ನು ಮತ್ತೆ ಬಿಚ್ಚಿದನು. ಆಕಾಶದ ಮಾತು ಅವನಿಗೆ ನಿಷಿದ್ಧವಾಗಿತ್ತು. ಹಲಗೆಯ ಮೇಲೆ ಉರುಳುವ ಗುಂಡಿನ ಮಾತು ನಿಷಿದ್ಧವಾಗಿರಲಿಲ್ಲ. ಮೂವತ್ತು ವರ್ಷಗಳ ಹಿಂದಿನ ಆ ಕೆಲಸವನ್ನು ಎರಡು ಹೊಸ ವಿಜ್ಞಾನಗಳನ್ನು ಕುರಿತ ಗ್ರಂಥವಾಗಿ ಅವನು ಬರೆದನು. ಮೂವರು ಮಿತ್ರರು ನಾಲ್ಕು ದಿನ ಕುಳಿತು ಮಾತನಾಡುವ ರೂಪದಲ್ಲಿ ಅದು ಇದೆ. ಮೂರನೆಯ ದಿನದ ಮಾತಿನಲ್ಲಿ ಒಂದು ಚಿಕ್ಕ ಚಿತ್ರವಿದೆ. ಒಂದು ನೇರವಾದ ಗೆರೆ, ಅದು ಕಾಲ. ಆ ಗೆರೆಯ ಮೇಲಿನ ಒಂದೊಂದು ಬಿಂದುವಿನಿಂದಲೂ ಅಡ್ಡಲಾಗಿ ಹೊರಟ ಗೆರೆಗಳು. ಅವು ಆಯಾ ಕ್ಷಣದ ವೇಗ. ವೇಗವು ಸಮನಾಗಿ ಹೆಚ್ಚುತ್ತ ಹೋಗುವುದರಿಂದ ಅಡ್ಡಗೆರೆಗಳ ತುದಿಗಳನ್ನು ಕೂಡಿಸಿದರೆ ತ್ರಿಕೋನವಾಗುತ್ತದೆ. ಇದೇ ಇಂದು ನಿಮ್ಮ ಭೌತಶಾಸ್ತ್ರದ ಪುಸ್ತಕದಲ್ಲಿ ಪಕ್ಕಕ್ಕೆ ತಿರುಗಿ ನಿಂತಿರುವ ವೇಗ–ಕಾಲ ನಕ್ಷೆ.

ಈ ಚಿತ್ರವನ್ನು ಮೊದಲು ಬರೆದವನು ಗೆಲಿಲಿಯೋ ಅಲ್ಲವೆಂಬುದನ್ನು ಹೇಳದಿದ್ದರೆ ಅನ್ಯಾಯವಾದೀತು. 1382ರಲ್ಲಿ ತೀರಿಕೊಂಡ ಫ್ರಾನ್ಸಿನ ಧರ್ಮಗುರು ನಿಕೋಲ್ ಒರೆಮ್ ಅಂಥದೇ ತ್ರಿಕೋನವನ್ನು ಬರೆದು, ಅದರ ವಿಸ್ತೀರ್ಣವು ಅರ್ಧ ಎತ್ತರದ ಆಯತಕ್ಕೆ ಸಮವೆಂದು ತೋರಿಸಿದ್ದನು. ಆದರೆ ಲೋಕದಲ್ಲಿ ನಿಜವಾಗಿ ಬೀಳುವ ಕಲ್ಲು ಆ ತ್ರಿಕೋನಕ್ಕೆ ವಿಧೇಯವಾಗಿದೆಯೆಂದು ಅಳೆದು ತೋರಿಸಿದ ಕೀರ್ತಿ ಗೆಲಿಲಿಯೋನದು.

ತ್ರಿಕೋನದ ಸ್ವಾರಸ್ಯವನ್ನು ನಮ್ಮದೇ ಉದಾಹರಣೆಯಿಂದ ನೋಡೋಣ. ಅಣ್ಣಿಗೇರಿ ನಿಲ್ದಾಣದಲ್ಲಿ ನಿಂತಿದ್ದ ರೈಲು ಗದಗಿನ ಕಡೆಗೆ ಹೊರಟು, ಸಮನಾಗಿ ವೇಗವನ್ನು ಹೆಚ್ಚಿಸಿಕೊಳ್ಳುತ್ತ 60 ಸೆಕೆಂಡುಗಳಲ್ಲಿ ಸೆಕೆಂಡಿಗೆ 15 ಮೀಟರು ವೇಗವನ್ನು ಪಡೆಯಿತೆಂದುಕೊಳ್ಳಿ. ಅದು ಕ್ರಮಿಸಿದ ದೂರವೆಷ್ಟು? ಪ್ರತಿ ಕ್ಷಣವೂ ವೇಗ ಬೇರೆ ಬೇರೆ, ಯಾವುದರಿಂದ ಗುಣಿಸುವುದು? ನಕ್ಷೆಯಲ್ಲಿ ಬುಡ 60, ಎತ್ತರ 15 ಇರುವ ತ್ರಿಕೋನ ಏರ್ಪಡುತ್ತದೆ. ಅದರ ವಿಸ್ತೀರ್ಣ 450. ರೈಲು ಓಡಿದ ದೂರ 450 ಮೀಟರು. ಅದೇ ರೀತಿ ವೇಗ ಹೆಚ್ಚಿಸುತ್ತ 120 ಸೆಕೆಂಡು ಓಡಿದ್ದರೆ ಬುಡವೂ ಇಮ್ಮಡಿ, ಎತ್ತರವೂ ಇಮ್ಮಡಿ. ವಿಸ್ತೀರ್ಣ ನಾಲ್ಮಡಿ, 1800. ಪಾದುವಾದ ಹಾಳೆಯ ಮೇಲಿನ 1, 4, 9, 16ರ ಗುಟ್ಟು ಇದೇ. ಈ ನಕ್ಷೆಯಲ್ಲಿ ಮಟ್ಟಸವಾದ ಗೆರೆ ಕಂಡರೆ ರೈಲು ನಿಂತಿದೆಯೆಂದು ಹೇಳಬೇಡಿರಿ. ಇಲ್ಲಿ ಲಂಬಗೆರೆ ದೂರವಲ್ಲ, ವೇಗ. ಮಟ್ಟಸವಾದ ಗೆರೆಯೆಂದರೆ ರೈಲು ಒಂದೇ ವೇಗದಲ್ಲಿ ಓಡುತ್ತಿದೆ. ಗೆರೆ ಒಂದೇ ಆದರೂ ಬದಿಯಲ್ಲಿ ಬರೆದ ಹೆಸರು ಬದಲಾದರೆ ಅರ್ಥ ಬದಲಾಗುತ್ತದೆ. ಹುಬ್ಬಳ್ಳಿ–ಗದಗ ಮಾರ್ಗದಲ್ಲಿ ಒಂಟಿ ಹಳಿಯಿದ್ದ ಕಾಲದಲ್ಲಿ ಎರಡು ರೈಲುಗಳು ಎದುರುಬದುರಾಗದಂತೆ ಕಾಯುತ್ತಿದ್ದ ರೈಲ್ವೆಯ ಸಿಬ್ಬಂದಿಗೆ ಇಂಥ ಗೆರೆಗಳೇ ಆಸರೆ. ಒಂದು ಬದಿಗೆ ನಿಲ್ದಾಣಗಳು, ಇನ್ನೊಂದು ಬದಿಗೆ ಗಂಟೆ–ನಿಮಿಷಗಳು. ಎರಡು ರೈಲುಗಳ ಗೆರೆಗಳು ಒಂದನ್ನೊಂದು ದಾಟುವ ಬಿಂದು ಯಾವುದಾದರೊಂದು ನಿಲ್ದಾಣದ ಮೇಲೆಯೇ ಬೀಳಬೇಕು. ಎರಡು ನಿಲ್ದಾಣಗಳ ನಡುವೆ ಬಿದ್ದರೆ ಅನಾಹುತ.

ನಾಲ್ಕನೆಯ ದಿನದ ಮಾತು ಎಸೆದ ವಸ್ತುವನ್ನು ಕುರಿತದ್ದು. ಜೋಳದ ಹೊಲದ ಅಟ್ಟದ ಮೇಲೆ ನಿಂತು ಹಕ್ಕಿಗಳನ್ನು ಓಡಿಸಲು ಕವಣೆಯಿಂದ ಮಟ್ಟಸವಾಗಿ ಬೀಸಿದ ಕಲ್ಲು ಮುಂದಕ್ಕೆ ಸಮವೇಗದಿಂದ ಹೋಗುತ್ತದೆ, ಕೆಳಕ್ಕೆ ಮಾತ್ರ ಹೆಚ್ಚುವ ವೇಗದಿಂದ ಬೀಳುತ್ತದೆ. ಗಾಳಿಯ ತಡೆಯನ್ನು ಗಣಿಸದಿದ್ದರೆ ಅದರ ದಾರಿ ಪರವಲಯ. ಮುಂದಕ್ಕೆ ಹೋದ ದೂರವು ಕಾಲಕ್ಕೆ ಸರಿಸಮವಾಗಿ ಹೆಚ್ಚುವುದರಿಂದ, ಇಲ್ಲಿ ನೆಲದ ಗೆರೆಯೇ ಕಾಲದ ಗೆರೆಯೂ ಆಗುತ್ತದೆ. ಕಲ್ಲಿನ ದಾರಿ ಮತ್ತು ಅದರ ನಕ್ಷೆ ಎರಡೂ ಒಂದೇ ಆಕಾರದವು. ನಮ್ಮ ಹುಡುಗನು ಬಸ್ಸಿನ ಬದಲು ಕವಣೆಯ ಕಲ್ಲನ್ನು ಆರಿಸಿಕೊಂಡಿದ್ದರೆ ಅವನ ಉತ್ತರ ಅಷ್ಟು ತಪ್ಪಾಗುತ್ತಿರಲಿಲ್ಲ!

ಈ ಗ್ರಂಥದ ಮೂರನೆಯ ದಿನದಲ್ಲಿಯೇ ನಾನು ಮತ್ತೆ ಮತ್ತೆ ಓದುವ ಒಂದು ಸಂದರ್ಭವಿದೆ. ಮಿತ್ರರಲ್ಲೊಬ್ಬನಾದ ಸಾಗ್ರೆದೊ, ವೇಗವು ಬಿದ್ದ ದೂರಕ್ಕೆ ತಕ್ಕಂತೆ ಹೆಚ್ಚುತ್ತದೆಂದರೆ ಸುಲಭವಾಗಿ ಅರ್ಥವಾಗುವುದಲ್ಲವೇ ಎಂದು ಕೇಳುತ್ತಾನೆ. ಅದಕ್ಕೆ ಸಾಲ್ವಿಯಾತಿಯು, ಈ ತಪ್ಪಿನಲ್ಲಿ ಜೊತೆಗಾರನೊಬ್ಬನು ಸಿಕ್ಕಿದ್ದು ತನಗೆ ಸಮಾಧಾನ ತಂದಿದೆಯೆಂದೂ, ನಮ್ಮ ಗ್ರಂಥಕಾರನೇ ಕೆಲವು ಕಾಲ ಇದೇ ಭ್ರಮೆಯಲ್ಲಿದ್ದುದಾಗಿ ತನ್ನೊಡನೆ ಒಪ್ಪಿಕೊಂಡಿದ್ದಾನೆಂದೂ ಉತ್ತರಿಸುತ್ತಾನೆ. ಸಾರ್ಪಿಗೆ ಬರೆದ ಪತ್ರವನ್ನು ಯಾರೂ ಮುಂದೆ ತಂದಿರಲಿಲ್ಲ. ಆ ತಪ್ಪನ್ನು ಮರೆತುಬಿಡಲು ಅಡ್ಡಿಯಿರಲಿಲ್ಲ. ಐದು ವರ್ಷಗಳ ಹಿಂದೆ, ಮಾಡದ ತಪ್ಪನ್ನು ಮಂಡಿಯೂರಿ ಒಪ್ಪಿಕೊಂಡಿದ್ದವನು, ಮಾಡಿದ ತಪ್ಪನ್ನು ಯಾರ ಒತ್ತಾಯವೂ ಇಲ್ಲದೆ ಅಚ್ಚಿನ ಅಕ್ಷರದಲ್ಲಿ ಒಪ್ಪಿಕೊಂಡನು.

ಅವನ ಯಾವ ಗ್ರಂಥವನ್ನೂ ಮುದ್ರಿಸಬಾರದೆಂಬ ಆಜ್ಞೆಯಿದ್ದುದರಿಂದ ಹಸ್ತಪ್ರತಿಯು ಇಟಲಿಯನ್ನು ದಾಟಬೇಕಾಯಿತು. ರೋಮಿನ ಅಧಿಕಾರ ನಡೆಯದ ಹಾಲೆಂಡಿನ ಲೈಡನ್ ನಗರದಲ್ಲಿ ಎಲ್ಸೆವಿರ್ ಮನೆತನದ ಮುದ್ರಕರು 1638ರಲ್ಲಿ ಅದನ್ನು ಹೊರತಂದರು. ಆ ಹೊತ್ತಿಗೆ ಗೆಲಿಲಿಯೋನ ಎರಡು ಕಣ್ಣುಗಳೂ ಹೋಗಿದ್ದವು. ಮುದ್ರಿತವಾದ ಗ್ರಂಥವನ್ನು ಅವನು ಕೈಯಿಂದ ಮುಟ್ಟಿರಬಹುದಲ್ಲದೆ, ಅದರೊಳಗಿನ ತ್ರಿಕೋನವನ್ನು ನೋಡಲಿಲ್ಲ.

ಕೊನೆಯ ವರ್ಷಗಳಲ್ಲಿ ತರುಣ ವಿವಿಯಾನಿಯು ಅವನ ಜೊತೆಯಲ್ಲಿದ್ದು ಓದಿ ಹೇಳುತ್ತಿದ್ದನು, ಹೇಳಿದ್ದನ್ನು ಬರೆದುಕೊಳ್ಳುತ್ತಿದ್ದನು. 1641ರಲ್ಲಿ ತೊರಿಚೆಲ್ಲಿಯೂ ಬಂದು ಸೇರಿದನು. ಲೋಲಕದಿಂದ ಗಡಿಯಾರವನ್ನು ನಡೆಸುವ ಉಪಾಯವೊಂದು ಆಗ ಕುರುಡನ ಮನಸ್ಸಿನಲ್ಲಿತ್ತು. ಮಗನಿಗೆ ಅದನ್ನು ವಿವರಿಸಿ ಚಿತ್ರ ಬರೆಯಿಸಿದನು. ನೀರನ್ನು ತೂಗಿ ಕಾಲವನ್ನು ಅಳೆದವನಿಗೆ ಗಡಿಯಾರದ ಚಿಂತೆ ಕೊನೆಯವರೆಗೂ ಬಿಟ್ಟಿರಲಿಲ್ಲ. 1642ರ ಜನವರಿ 8ರಂದು ಆರ್ಚೆತ್ರಿಯ ಮನೆಯಲ್ಲಿ ಅವನು ತೀರಿಕೊಂಡನು. ಅವನಿಗೊಂದು ಭವ್ಯವಾದ ಸಮಾಧಿಯನ್ನು ಕಟ್ಟಿಸಬೇಕೆಂಬ ಅರಸನ ಇಚ್ಛೆಗೆ ರೋಮಿನಿಂದ ಅಡ್ಡಿ ಬಂದಿತು. ಫ್ಲಾರೆನ್ಸಿನ ಸಾಂತಾ ಕ್ರೋಚೆ ಚರ್ಚಿನ ಒಂದು ಮೂಲೆಯ ಚಿಕ್ಕ ಕೋಣೆಯಲ್ಲಿ ದೇಹವನ್ನು ಇಟ್ಟರು. ಅಲ್ಲಿಂದ ಅದನ್ನು ತೆಗೆದು ಚರ್ಚಿನ ಮುಖ್ಯ ಭಾಗದ ಸ್ಮಾರಕಕ್ಕೆ ತಂದದ್ದು 1737ರಲ್ಲಿ, ತೊಂಬತ್ತೈದು ವರ್ಷಗಳ ಬಳಿಕ.